ಸೋರಿಕೆ ಕಂಡಾಗ ‘ಬೇಡ’ ಎನ್ನುವವರು ಯಾರು? ಕರ್ನಾಟಕದ ಸಂಸದರಿಗೆ ಬೆಂಗ್ರೆಯಿಂದ ಒಂದು ಪತ್ರ

ಕರ್ನಾಟಕವನ್ನು ಪ್ರತಿನಿಧಿಸುವ ಲೋಕಸಭೆಯ 28 ಮತ್ತು ರಾಜ್ಯಸಭೆಯ 12 ಮಂದಿ ಮಾನ್ಯ ಸದಸ್ಯರಿಗೆ,



ಮಂಗಳೂರು ಬಂದರಿನ ದಕ್ಕೆಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಹೊಳೆಯಾಚೆ ಒಂದು ತೆಂಗಿನ ಸಾಲು ಕಾಣುತ್ತದೆ. ಅದೇ ನಮ್ಮ ಬೆಂಗ್ರೆ. ಒಂದು ಮಗ್ಗುಲಲ್ಲಿ ಫಲ್ಗುಣಿ, ಇನ್ನೊಂದು ಮಗ್ಗುಲಲ್ಲಿ ಅರಬ್ಬಿ ಕಡಲು, ತೆಂಕಣ ತುದಿಯಲ್ಲಿ ನೇತ್ರಾವತಿಯೂ ಬಂದು ಕೂಡುವ ಅಳಿವೆಬಾಗಿಲು. ನಾನು ಇಲ್ಲಿಯೇ ಹುಟ್ಟಿ, ದಿನವೂ ಫೆರಿ ಬೋಟಿನಲ್ಲಿ ಹೊಳೆ ದಾಟಿ, 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ತಂದೆ ನಾಡದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದರು. ಅಣ್ಣ ಟ್ರಾಲ್ ಬೋಟಿನಲ್ಲಿ ತಾಂಡೇಲನಾಗಿದ್ದ.

ಮನುಷ್ಯರನ್ನು ಹೊತ್ತು ಹಾರುವ ಬಾಹ್ಯಾಕಾಶ ನೌಕೆಗಳ ಬಗ್ಗೆ ನಿಮಗೆ ಬರೆಯುವ ಮೊದಲು ಅಣ್ಣನ ಬೋಟಿನ ಕಥೆ ಹೇಳಬೇಕು. ನನ್ನ ಮಾತೆಲ್ಲ ಅಲ್ಲಿಂದಲೇ ಹೊರಡುತ್ತದೆ.

ಹಲವು ವರ್ಷಗಳ ಹಿಂದೆ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವ ವಾರ. ರಿಪೇರಿಗೆಂದು ದಡಕ್ಕೆ ಎಳೆದಿದ್ದ ಬೋಟನ್ನು ನೀರಿಗಿಳಿಸಿದರು. ಪ್ರೊಪೆಲ್ಲರಿನ ಶಾಫ್ಟ್ ಬೋಟಿನಿಂದ ಹೊರಗೆ ಹೋಗುವ ಜಾಗದಲ್ಲಿ ನೀರು ಜಿನುಗುತ್ತಿತ್ತು. ಅಣ್ಣ ಅದನ್ನು ಎಲ್ಲರಿಗೂ ತೋರಿಸಿದ. ಹೊಸ ಪ್ಯಾಕಿಂಗ್ ಹಾಕಿದ್ದೇವೆ, ಎರಡು ದಿನ ಓಡಿದರೆ ಕೂತುಕೊಳ್ಳುತ್ತದೆ, ಹೇಗೂ ಪಂಪು ಇದೆಯಲ್ಲ ಎಂದರು ರಿಪೇರಿ ಮಾಡಿದವರು. ಐಸು, ಡೀಸೆಲು ತುಂಬಿಯಾಗಿತ್ತು. ಎರಡು ತಿಂಗಳು ಸಂಪಾದನೆ ಇಲ್ಲದೆ ಕೂತ ಕಲಾಸಿಗಳಿಗೂ ಹೋಗುವ ಆತುರ, ಮೊದಲ ಮೀನಿಗೆ ಒಳ್ಳೆಯ ರೇಟು ಸಿಗುತ್ತದೆಂದು ಮಾಲಕರಿಗೂ ಆತುರ. ಹೋದರು. ಎರಡನೆಯ ರಾತ್ರಿ ಎಂಜಿನ್ ಕೋಣೆಯಲ್ಲಿ ಮೊಣಕಾಲಿನವರೆಗೆ ನೀರು ನಿಂತಿತು, ಪಂಪು ಕೈಕೊಟ್ಟಿತು. ಬೆಳಗಿನವರೆಗೂ ಬಕೆಟಿನಲ್ಲಿ ಮೊಗೆದು ಚೆಲ್ಲಿದರು. ಇನ್ನೊಂದು ಬೋಟಿನವರು ಹಗ್ಗ ಕೊಟ್ಟು ಎಳೆದು ತಂದರು. ಎಲ್ಲರೂ ಜೀವಸಹಿತ ಮನೆ ಸೇರಿದರು.

“ನೀರು ಬರುವುದು ಎಲ್ಲರಿಗೂ ಕಂಡಿತ್ತು ಮಾರಾಯ್ತಿ” ಎಂದ ಅಣ್ಣ, ಮನೆಗೆ ಬಂದು ಚಾ ಕುಡಿಯುತ್ತಾ. “ಇವತ್ತು ಹೋಗುವುದು ಬೇಡ ಅಂತ ಹೇಳಬೇಕಾದವ ಯಾರು ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.”

ಹಾಗೆ ಮರಳಿ ಬಾರದವರೂ ನಮ್ಮೂರಿನಲ್ಲಿದ್ದಾರೆ. 2020ರ ನವೆಂಬರ್ ಕೊನೆಗೆ ಮಂಗಳೂರಿನಿಂದ ಹೋದ ಪರ್ಸಿನ್ ಬೋಟೊಂದು ಮಗುಚಿ 6 ಮಂದಿ ಹೋದರು. ಅವರಲ್ಲಿ ಬೆಂಗ್ರೆಯ ಮಕ್ಕಳಿದ್ದರು. ಕಡಲಿಗೆ ಹೋದವರ ದಾರಿ ಕಾಯುತ್ತಾ ಹೊಯಿಗೆಯ ಮೇಲೆ ನಿಲ್ಲುವುದು ಹೇಗಿರುತ್ತದೆಂದು ನಮಗೆ ಗೊತ್ತಿದೆ.

ಮಾನ್ಯರೇ, ಅಣ್ಣನ ಮಾತು ನನಗೆ ಮತ್ತೆ ನೆನಪಾದದ್ದು 2025ರ ಜೂನ್ ತಿಂಗಳಲ್ಲಿ. ನಮ್ಮ ಗಗನಯಾತ್ರಿ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಆಕ್ಸಿಯಂ-4 ಯಾನದಲ್ಲಿ ಬಾಹ್ಯಾಕಾಶಕ್ಕೆ ಹೊರಡಬೇಕಿತ್ತು. ಯಾನವನ್ನು ಏರ್ಪಡಿಸಿದ್ದು ಒಂದು ಖಾಸಗಿ ಕಂಪನಿ. ರಾಕೆಟ್ಟೂ ನೌಕೆಯೂ ಸ್ಪೇಸ್‌ಎಕ್ಸ್ ಎಂಬ ಇನ್ನೊಂದು ಖಾಸಗಿ ಕಂಪನಿಯದು. ಪೈಲಟ್ಟಿನ ಆಸನ ನಮ್ಮವರದು, ಅದಕ್ಕೆ ತೆತ್ತ ಹಣ ನಮ್ಮ ಸರ್ಕಾರದ್ದು. ಮೇ ಕೊನೆಗೆಂದಿದ್ದ ಉಡಾವಣೆ ಮುಂದೆ ಹೋಗುತ್ತಾ ಜೂನ್ 11ಕ್ಕೆ ಬಂದು ನಿಂತಿತ್ತು. ಆಗ ಫಾಲ್ಕನ್ 9 ರಾಕೆಟ್ಟಿನ ಕೆಳಹಂತದಲ್ಲಿ ದ್ರವ ಆಮ್ಲಜನಕ ಸೋರುವುದು ಕಂಡಿತು. ಇಸ್ರೊ ಅಧ್ಯಕ್ಷ ವಿ. ನಾರಾಯಣನ್ ಮತ್ತು ಅವರ ತಂಡ ಫ್ಲಾರಿಡಾದಲ್ಲೇ ಇದ್ದರು. ಸೋರಿಕೆಯನ್ನು ಪೂರ್ತಿ ಸರಿಪಡಿಸಿ, ಮತ್ತೆ ಪರೀಕ್ಷಿಸಿ ತೋರಿಸುವವರೆಗೆ ನಮ್ಮವರನ್ನು ಕಳುಹಿಸುವುದಿಲ್ಲ ಎಂದು ಪಟ್ಟು ಹಿಡಿದರು. ಬಿಚ್ಚಿ ನೋಡಿದಾಗ ಕೊಳವೆಯಲ್ಲಿ ಬಿರುಕೇ ಇತ್ತೆಂದು ಆಮೇಲೆ ಅವರೇ ಸಾರ್ವಜನಿಕವಾಗಿ ಹೇಳಿದ್ದಾರೆ. ಜೂನ್ 25ರಂದು ನೌಕೆ ಹೊರಟಿತು, ಜುಲೈ 15ರಂದು ಶುಕ್ಲಾ ಕ್ಷೇಮವಾಗಿ ಇಳಿದರು.

ಆ ದಿನಗಳಲ್ಲಿ ಟಿ.ವಿ.ಗಳಲ್ಲಿ “ಮತ್ತೆ ವಿಳಂಬ, ಮತ್ತೆ ನಿರಾಸೆ” ಎಂಬ ಮಾತೇ ಕೇಳುತ್ತಿತ್ತು. ನನಗೆ ಮಾತ್ರ ಇಸ್ರೊ ಬಗ್ಗೆ ಅಷ್ಟು ಹೆಮ್ಮೆ ಇನ್ಯಾವಾಗಲೂ ಆಗಿರಲಿಲ್ಲ. ಅಣ್ಣನ ಬೋಟಿನ ಪಕ್ಕದಲ್ಲಿ ಇಲ್ಲದೆ ಹೋದ ಆ ಮನುಷ್ಯ ಇಲ್ಲಿದ್ದ.

ಇಂಥ ಖಾಸಗಿ ನೌಕೆಗಳ ಹಿಂದಿನ ಚರಿತ್ರೆಯನ್ನೂ ನೀವು ದಯವಿಟ್ಟು ನೋಡಬೇಕು. 2011ರಲ್ಲಿ ಅಮೆರಿಕದ ಷಟಲ್‌ಗಳು ಕೆಲಸ ನಿಲ್ಲಿಸಿದ ಮೇಲೆ ಅವರ ಗಗನಯಾತ್ರಿಗಳು ರಷ್ಯಾದ ಸೋಯೂಜ್‌ನಲ್ಲಿ ದುಡ್ಡು ಕೊಟ್ಟು ಹೋಗಬೇಕಾಯಿತು. 2014ರ ಸೆಪ್ಟೆಂಬರಿನಲ್ಲಿ ನಾಸಾ ಎರಡು ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು: ಬೋಯಿಂಗ್‌ಗೆ 420 ಕೋಟಿ ಡಾಲರ್, ಸ್ಪೇಸ್‌ಎಕ್ಸ್‌ಗೆ 260 ಕೋಟಿ ಡಾಲರ್. 2017ಕ್ಕೆ ಎರಡೂ ಸಿದ್ಧವಾಗಬೇಕಿತ್ತು. ಎರಡೂ ಆಗಲಿಲ್ಲ. ಅಲ್ಲಿನ ಸಂಸತ್ತಿಗೆ ನೇರವಾಗಿ ವರದಿ ಒಪ್ಪಿಸುವ ಗವರ್ನಮೆಂಟ್ ಅಕೌಂಟಬಿಲಿಟಿ ಆಫೀಸ್ ವರ್ಷ ವರ್ಷವೂ ಎಚ್ಚರಿಸುತ್ತಾ ಬಂತು: ಕಂಪನಿಗಳು ಹೇಳುವ ದಿನಾಂಕ ನಂಬುವಂತಿಲ್ಲ, ಸೋಯೂಜ್ ಆಸನಗಳು ಮುಗಿಯುವ ಮೊದಲು ಬದಲಿ ದಾರಿ ನೋಡಿಕೊಳ್ಳಿ. ಆ ವರದಿಗಳು ಯಾರು ಬೇಕಾದರೂ ಓದಬಹುದಾದಂಥವು. ಬೆಂಗ್ರೆಯಲ್ಲಿ ಕೂತ ನನ್ನಂಥವಳಿಗೂ ಸಿಗುತ್ತವೆ.

2019ರ ಏಪ್ರಿಲ್‌ನಲ್ಲಿ ಸ್ಪೇಸ್‌ಎಕ್ಸ್‌ನ ಒಂದು ನೌಕೆ ನೆಲದ ಮೇಲಿನ ಪರೀಕ್ಷೆಯಲ್ಲೇ ಸಿಡಿದು ಚೂರಾಯಿತು. ಅದಕ್ಕೂ ಕವಾಟವೊಂದರಲ್ಲಿ ಆದ ಸೋರಿಕೆಯೇ ಕಾರಣ. ಒಳಗೆ ಯಾರೂ ಇರಲಿಲ್ಲ. ತಪ್ಪು ತಿದ್ದಿಕೊಂಡು 2020ರ ಮೇ 30ರಂದು ಅವರು ಇಬ್ಬರನ್ನು ಕರೆದೊಯ್ದರು. ಬೋಯಿಂಗ್‌ನ ಸ್ಟಾರ್‌ಲೈನರ್ ಕಥೆ ಬೇರೆಯಾಯಿತು. 2019ರ ಡಿಸೆಂಬರಿನಲ್ಲಿ ಜನರಿಲ್ಲದೆ ಹಾರಿದಾಗ ಅದರ ಗಡಿಯಾರವೇ 11 ಗಂಟೆ ತಪ್ಪಿತ್ತು. ಇಂಧನವನ್ನು ಬೇಡದ ಹೊತ್ತಿಗೆ ಮಿತಿಮೀರಿ ಉರಿಸಿ, ಬಾಹ್ಯಾಕಾಶ ನಿಲ್ದಾಣ ತಲುಪದೆ ಹಿಂದಿರುಗಿತು. ಹಾರಾಟದ ನಡುವೆ ಹುಡುಕುವಾಗ ಇನ್ನೂ ಒಂದು ದೊಡ್ಡ ಸಾಫ್ಟ್‌ವೇರ್ ತಪ್ಪು ಸಿಕ್ಕಿತು. ತನಿಖೆಯ ನಂತರ 80 ಶಿಫಾರಸುಗಳು ಬಂದವು. ಆಗ ನಾಸಾದ ಅಧಿಕಾರಿಗಳು ಒಂದು ಮಾತು ಒಪ್ಪಿಕೊಂಡರು: ಹೊಸ ಕಂಪನಿಯೆಂದು ಸ್ಪೇಸ್‌ಎಕ್ಸ್ ಮೇಲೆ ಇಟ್ಟಷ್ಟು ಕಣ್ಣನ್ನು, ಹಳೆಯ ನಂಟಿನ ಬೋಯಿಂಗ್ ಮೇಲೆ ನಾವು ಇಡಲಿಲ್ಲ. ಪರಿಚಯದವರ ಕೆಲಸವನ್ನು ಕೂಲಂಕಷವಾಗಿ ನೋಡಲು ಸಂಕೋಚವಾಗುವುದು ನಮ್ಮ ದಕ್ಕೆಯಲ್ಲೂ ಇದೆ, ಅಲ್ಲೂ ಇತ್ತು.

ಮುಂದೆ 2021ರಲ್ಲಿ ತೇವದಿಂದ 13 ಕವಾಟಗಳು ಸಿಕ್ಕಿಕೊಂಡವು. 2023ರಲ್ಲಿ ಪ್ಯಾರಾಚೂಟಿನ ಜೋಡಣೆ ಸಾಲದೆಂದೂ, ತಂತಿಗೆ ಸುತ್ತಿದ ಟೇಪಿಗೆ ಬೆಂಕಿ ಹತ್ತಬಹುದೆಂದೂ ತಿಳಿಯಿತು. ಕೊನೆಗೆ 2024ರ ಜೂನ್ 5ರಂದು ಬುಚ್ ವಿಲ್‌ಮೋರ್ ಮತ್ತು ಸುನಿತಾ ವಿಲಿಯಮ್ಸ್ ಅದರಲ್ಲಿ ಕುಳಿತು ಹೊರಟರು. ಹೊರಡುವ ಮೊದಲೇ ಒಂದು ಕಡೆ ಹೀಲಿಯಂ ಸೋರುತ್ತಿದ್ದುದು ಗೊತ್ತಿತ್ತು. ಚಿಕ್ಕ ಸೋರಿಕೆ, ತೊಂದರೆಯಿಲ್ಲ ಎಂದು ಲೆಕ್ಕ ಹಾಕಿ ಬಿಟ್ಟರು. ಮೇಲೆ ಹೋದ ಮೇಲೆ ಇನ್ನಷ್ಟು ಕಡೆ ಸೋರಿತು, ನಿಲ್ದಾಣ ಸಮೀಪಿಸುವಾಗ 5 ಥ್ರಸ್ಟರ್‌ಗಳು ಕೆಲಸ ನಿಲ್ಲಿಸಿದವು.

ನಮ್ಮ ನೌಕೆಯಲ್ಲೇ ಅವರನ್ನು ಕರೆತರಬಹುದು ಎಂದಿತು ಕಂಪನಿ. ನಾಸಾ ಎರಡೂವರೆ ತಿಂಗಳು ಪರೀಕ್ಷೆ, ಚರ್ಚೆ ನಡೆಸಿ ಆಗಸ್ಟ್ 24ರಂದು ‘ಬೇಡ’ ಎಂದಿತು. ಸ್ಟಾರ್‌ಲೈನರ್ ಖಾಲಿಯಾಗಿ ಮರಳಿತು. 8 ದಿನಕ್ಕೆಂದು ಹೋದ ಇಬ್ಬರೂ 286 ದಿನ ಕಳೆದು, 2025ರ ಮಾರ್ಚ್ 18ರಂದು ಇನ್ನೊಂದು ಕಂಪನಿಯ ನೌಕೆಯಲ್ಲಿ ಇಳಿದರು. ಖಾಲಿ ನೌಕೆ ಸರಿಯಾಗಿಯೇ ಇಳಿಯಿತಲ್ಲ, ಸುಮ್ಮನೆ ಹೆದರಿದರು ಎಂದವರಿದ್ದಾರೆ. ಅಣ್ಣನ ಬೋಟೂ ಮರಳಿ ಬಂದಿತ್ತು. ಮರಳಿ ಬಂತು ಎಂಬ ಕಾರಣಕ್ಕೆ ಆ ದಿನ ಹೋದದ್ದು ಸರಿ ಎಂದು ಅಣ್ಣ ಯಾವತ್ತೂ ಹೇಳಲಿಲ್ಲ.

ಇಂಥ ಎಚ್ಚರ ಅವರಿಗೂ ಸುಮ್ಮನೆ ಬಂದದ್ದಲ್ಲ. 1967ರಲ್ಲಿ ಅಪೊಲೊ ನೌಕೆಯೊಳಗೆ ಬೆಂಕಿ ಹತ್ತಿ ಮೂವರು ಹೋದ ಮೇಲೆ, 1968ರಲ್ಲಿ ಅಮೆರಿಕದ ಸಂಸತ್ತು ನಾಸಾದ ಕೆಲಸವನ್ನು ಹೊರಗಿನಿಂದ ನೋಡಲು ಒಂದು ಸುರಕ್ಷತಾ ಸಲಹಾ ಮಂಡಳಿಯನ್ನು ಕಾನೂನಿನಿಂದಲೇ ರಚಿಸಿತು. ಆ ಮಂಡಳಿ ಇದ್ದೂ 1986ರಲ್ಲಿ ಚಾಲೆಂಜರ್, 2003ರಲ್ಲಿ ಕೊಲಂಬಿಯಾ ಷಟಲ್‌ಗಳು ಹೋದವು. ಕೊಲಂಬಿಯಾದಲ್ಲಿದ್ದ ಕಲ್ಪನಾ ಚಾವ್ಲಾ ತೀರಿಕೊಂಡದ್ದು ಒಂದು ಶನಿವಾರ. ಸೋಮವಾರ ಒಂಬತ್ತನೆಯ ತರಗತಿಗೆ ಹೋದಾಗ ಹುಡುಗಿಯೊಬ್ಬಳು ಎದ್ದು, “ಟೀಚರ್, ಅವರಿಗೆ ಮೊದಲೇ ಗೊತ್ತಿರಲಿಲ್ಲವಾ?” ಎಂದು ಕೇಳಿದ್ದಳು. ನಾನು ಇಲ್ಲವೆಂದೆ. ಸುಮಾರು ಏಳು ತಿಂಗಳ ನಂತರ ತನಿಖಾ ವರದಿ ಬಂತು. ಫೋಮಿನ ತುಂಡು ರೆಕ್ಕೆಗೆ ಬಡಿದದ್ದು ಎಂಜಿನಿಯರುಗಳಿಗೆ ಗೊತ್ತಿತ್ತು, ಚಿತ್ರ ತೆಗೆಸಿ ನೋಡೋಣವೆಂದು ಕೇಳಿಯೂ ಇದ್ದರು. ನಾಸಾದ ವ್ಯವಸ್ಥಾಪಕರ ಕಂಪ್ಯೂಟರ್ ಪರದೆಯ ಮೇಲೆ 2004ರ ಫೆಬ್ರವರಿ 19ಕ್ಕೆ, ನಿಲ್ದಾಣದ ಮುಂದಿನ ಗಡುವಿಗೆ, ಎಷ್ಟು ದಿನ ಉಳಿಯಿತೆಂಬ ಎಣಿಕೆ ಓಡುತ್ತಿತ್ತು. ಆ ಹುಡುಗಿಗೆ ಹೇಳಿದ ಉತ್ತರ ತಪ್ಪಾಗಿತ್ತು. ತಿದ್ದುವ ಹೊತ್ತಿಗೆ ಆ ತಂಡ ಮುಂದಿನ ತರಗತಿಗೆ ಹೋಗಿಯಾಗಿತ್ತು.

ಈಗ ನಮ್ಮ ಮನೆಯ ವಿಷಯ.

ಗಗನಯಾನವನ್ನು 2018ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಘೋಷಿಸಲಾಯಿತು. 2022ರೊಳಗೆ, ಸ್ವಾತಂತ್ರ್ಯದ 75ನೇ ವರ್ಷಕ್ಕೆ, ಭಾರತೀಯರೊಬ್ಬರು ನಮ್ಮದೇ ನೌಕೆಯಲ್ಲಿ ಹೋಗಬೇಕೆಂಬುದು ಆಗಿನ ಮಾತು. ಈಗ 2027 ಎನ್ನುತ್ತಿದ್ದಾರೆ. ಸುಮಾರು 9,000 ಕೋಟಿ ರೂಪಾಯಿಯ ಯೋಜನೆ 20,193 ಕೋಟಿಗೆ ಹಿಗ್ಗಿದೆ, ಜನರಿಲ್ಲದ ಇನ್ನಷ್ಟು ಹಾರಾಟಗಳೂ ಭವಿಷ್ಯದ ನಿಲ್ದಾಣದ ಮೊದಲ ಭಾಗವೂ ಅದರಲ್ಲಿ ಸೇರಿವೆ. ತಡವಾದದ್ದಕ್ಕೆ ನನ್ನ ತಕರಾರಿಲ್ಲ. 2023ರ ಅಕ್ಟೋಬರ್ 21ರ ಪರೀಕ್ಷೆಯಲ್ಲಿ ಉಡಾವಣೆಗೆ 5 ಸೆಕೆಂಡ್ ಇರುವಾಗ ಕಂಪ್ಯೂಟರು ತಡೆಯಿತು. ಕಾರಣ ಹುಡುಕಿ, ಅದೇ ಬೆಳಿಗ್ಗೆ ಮತ್ತೆ ಹಾರಿಸಿದರು. ಬಂಗಾಳ ಕೊಲ್ಲಿಗೆ ಇಳಿದ ಮೇಲೆ ಯಾತ್ರಿಗಳ ಕೋಶ ಮಗುಚಿಕೊಂಡಿತ್ತು. ಮಗುಚಿದರೆ ಏನಾಗುತ್ತದೆಂದು ಬೆಂಗ್ರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದು ಖಾಲಿ ಕೋಶದಲ್ಲೇ ಗೊತ್ತಾದದ್ದು ಒಳ್ಳೆಯದಾಯಿತು.

ನನ್ನ ಕಳವಳ ಬೇರೆ. ಫ್ಲಾರಿಡಾದಲ್ಲಿ ಇಸ್ರೊ ‘ಬೇಡ’ ಎನ್ನಲು ಸಾಧ್ಯವಾದದ್ದು ಏಕೆ? ಅಲ್ಲಿ ಅದು ನೌಕೆ ಕಟ್ಟಿದ ಸಂಸ್ಥೆಯಾಗಿರಲಿಲ್ಲ. ನಮ್ಮ ಮಗನನ್ನು ಬೇರೆಯವರ ಬೋಟಿಗೆ ಹತ್ತಿಸುವ ಮನೆಯವರಂತೆ ದಡದಲ್ಲಿ ನಿಂತಿತ್ತು. ಗಗನಯಾನದಲ್ಲಿ ಕಟ್ಟುವುದೂ ಇಸ್ರೊ, ಹಾರಿಸುವುದೂ ಇಸ್ರೊ. ಇಸ್ರೊದ ಅಧ್ಯಕ್ಷರೇ ಬಾಹ್ಯಾಕಾಶ ಇಲಾಖೆಯ ಕಾರ್ಯದರ್ಶಿ, ಬಾಹ್ಯಾಕಾಶ ಆಯೋಗದ ಅಧ್ಯಕ್ಷರೂ ಅವರೇ. ಖಾಸಗಿ ಕಂಪನಿಗಳಿಗೆ ಅನುಮತಿ ಕೊಡುವ ಇನ್‌ಸ್ಪೇಸ್ ಕೂಡ ಅದೇ ಇಲಾಖೆಯ ಅಡಿಯಲ್ಲಿದೆ. ಇಸ್ರೊದೊಳಗೆ ಪರಿಶೀಲನಾ ಸಮಿತಿಗಳಿವೆ, ಅವು ಬಿಗಿಯಾಗಿಯೇ ಕೆಲಸ ಮಾಡುತ್ತವೆ ಎಂದು ನಂಬುತ್ತೇನೆ. ಆದರೂ ವರದಿಗಳೆಲ್ಲ ಕೊನೆಗೆ ಹೋಗಿ ಸೇರುವುದು ಒಂದೇ ಮೇಜಿಗೆ. ಆ ಮೇಜಿನ ಹಿಂದೆ ಎಷ್ಟೇ ಒಳ್ಳೆಯವರು ಕೂತಿರಲಿ, ತಾವೇ ಕಟ್ಟಿದ್ದನ್ನು ತಾವೇ ತಡೆಯಬೇಕಾದ ಭಾರ ಒಬ್ಬರ ಹೆಗಲ ಮೇಲೆ ಬೀಳಬಾರದು.

ನಮ್ಮ ಜಿಲ್ಲೆಯವರು 2010ರ ಮೇ 22ನ್ನು ಮರೆತಿಲ್ಲ. ದುಬೈನಿಂದ ಬಂದ ವಿಮಾನ ಬಜ್ಪೆಯಲ್ಲಿ ಓಡುದಾರಿ ಮೀರಿ ಕಮರಿಗೆ ಬಿದ್ದು 158 ಜೀವ ಹೋದವು. ವಿಮಾನ ಕಟ್ಟಿದವರು ಒಬ್ಬರು, ಓಡಿಸಿದವರು ಇನ್ನೊಬ್ಬರು, ವಿಚಾರಣೆ ನಡೆಸಿದ್ದು ಪ್ರತ್ಯೇಕ ತನಿಖಾ ಸಮಿತಿ. ಸಹ ಪೈಲಟ್ ಮೂರು ಬಾರಿ ಇಳಿಸುವುದು ಬೇಡ, ಮತ್ತೆ ಸುತ್ತಿ ಬರೋಣವೆಂದು ಹೇಳಿದ್ದರೆಂಬುದು ಆ ವರದಿಯಿಂದ ನಮಗೆಲ್ಲ ತಿಳಿಯಿತು. ವರದಿ ಹೊರಗೆ ಬಂದದ್ದರಿಂದ ತಿಳಿಯಿತು. ಇತ್ತ ಇಸ್ರೊದ ಪಿಎಸ್‌ಎಲ್‌ವಿ ರಾಕೆಟ್ 2025ರ ಮೇ 18ರಂದು ಮೂರನೆಯ ಹಂತದಲ್ಲಿ ಸೋತಿತು. ಅದರ ವೈಫಲ್ಯದ ವರದಿಯನ್ನು ಸಾರ್ವಜನಿಕರ ಮುಂದಿಡದೆಯೇ ಮುಂದಿನದನ್ನು ಹಾರಿಸಿದರು. 2026ರ ಜನವರಿ 12ರಂದು ಅದೂ ಮೂರನೆಯ ಹಂತದಲ್ಲೇ ಸೋತಿತು. ಅವುಗಳಲ್ಲಿ ಇದ್ದದ್ದು ಉಪಗ್ರಹಗಳು. ಮನುಷ್ಯರನ್ನು ಕೂರಿಸುವ ಕಾಲಕ್ಕೆ ಈ ಅಭ್ಯಾಸ ಮುಂದುವರಿಯಕೂಡದು.

ಇಸ್ರೊಗೆ ಇದು ಹೊಸ ಪಾಠವೂ ಅಲ್ಲ. ನಮ್ಮ ಉಡುಪಿಯ ಅದಮಾರಿನವರಾದ ಯು.ಆರ್. ರಾವ್ ಅಧ್ಯಕ್ಷರಾಗಿದ್ದಾಗ 1987ರಲ್ಲಿ ಒಂದು, 1988ರಲ್ಲಿ ಇನ್ನೊಂದು ಎಎಸ್‌ಎಲ್‌ವಿ ರಾಕೆಟ್ ಬಂಗಾಳ ಕೊಲ್ಲಿಗೆ ಬಿದ್ದವು. ದೇಶ ನಕ್ಕಿತು, ವ್ಯಂಗ್ಯಚಿತ್ರ ಬರೆಯಿತು. ಮೂರನೆಯದನ್ನು ಹಾರಿಸಿದ್ದು 1992ರ ಮೇ ತಿಂಗಳಲ್ಲಿ, ಹೆಚ್ಚುಕಡಿಮೆ ನಾಲ್ಕು ವರ್ಷ ಕಾದು. ಪಿಎಸ್‌ಎಲ್‌ವಿಯ ಇಷ್ಟು ವರ್ಷಗಳ ಗೆಲುವಿನ ಹಿಂದೆ ಆ ಕಾಯುವಿಕೆಯಿದೆ.

ಖಾಸಗಿಯವರು ಬರಬಾರದೆಂದು ನಾನು ಹೇಳುತ್ತಿಲ್ಲ. ಪಿಎಸ್‌ಎಲ್‌ವಿಗಳನ್ನು ಕಟ್ಟುವ ಗುತ್ತಿಗೆ ಈಗಾಗಲೇ ಎಚ್‌ಎಎಲ್ ಮತ್ತು ಎಲ್ ಅಂಡ್ ಟಿ ಜೊತೆಯಾಗಿ ಪಡೆದಿವೆ, ಗಗನಯಾನದ ಭಾಗಗಳೂ ಇಂಥ ಕಾರ್ಖಾನೆಗಳಲ್ಲಿ ತಯಾರಾಗುತ್ತಿವೆ. ಬೆಂಗಳೂರಿನ ಹುಡುಗ ಹುಡುಗಿಯರು ಕಟ್ಟಿದ ಕಂಪನಿಗಳ ಉಪಗ್ರಹಗಳು ಮೇಲೆ ಸುತ್ತುತ್ತಿವೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಅಂಥಲ್ಲಿ ದುಡಿಯುತ್ತಿದ್ದಾರೆ. ಮುಂದೊಂದು ದಿನ ಇಲ್ಲಿಯ ಕಂಪನಿಯೇ ಮನುಷ್ಯರನ್ನು ಒಯ್ಯುವ ನೌಕೆ ಕಟ್ಟಿದರೆ ನಾನು ಸಂತೋಷಪಡುತ್ತೇನೆ. ಆದರೆ ನಮ್ಮಲ್ಲಿ 2023ರ ಬಾಹ್ಯಾಕಾಶ ನೀತಿ ಇದೆ, ಕಾನೂನಿಲ್ಲ. ಮಸೂದೆಯ ಕರಡು 2017ರಲ್ಲೇ ಹೊರಬಂದಿತ್ತು. ಅಮೆರಿಕದಲ್ಲಿ ಖಾಸಗಿ ನೌಕೆಯ ಪ್ರಯಾಣಿಕರ ಸುರಕ್ಷತೆಗೆ ನಿಯಮ ಮಾಡದಂತೆ 2004ರ ಕಾನೂನು ವಿಮಾನಯಾನ ಆಡಳಿತದ ಕೈ ಕಟ್ಟಿತು. ಆ ತಡೆ ಮುಂದೂಡುತ್ತಾ ಮುಂದೂಡುತ್ತಾ 2028ರ ಜನವರಿ 1ಕ್ಕೆ ಬಂದಿದೆ. ಪ್ರಯಾಣಿಕರು ಅಪಾಯ ತಿಳಿದು ಸಹಿ ಹಾಕಿದರೆ ಸಾಕಂತೆ. 2023ರ ಜೂನ್‌ನಲ್ಲಿ ಟೈಟನ್ ಎಂಬ ಖಾಸಗಿ ಜಲಾಂತರ್ಗಾಮಿ ಯಾವ ಸಂಸ್ಥೆಯ ಪ್ರಮಾಣಪತ್ರವೂ ಇಲ್ಲದೆ ಅಟ್ಲಾಂಟಿಕ್ ತಳಕ್ಕೆ ಇಳಿಯುವಾಗ ಐವರೊಂದಿಗೆ ನುಚ್ಚುನೂರಾಯಿತು. ಅದರಲ್ಲಿ ಹೋಗುವವರಿಂದಲೂ ಅಂಥ ಸಹಿ ಪಡೆಯುತ್ತಿದ್ದರು.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಬಾಹ್ಯಾಕಾಶ ಚಟುವಟಿಕೆಗಳ ಕಾನೂನನ್ನು ಸದನಕ್ಕೆ ತರುವಂತೆ ಪಕ್ಷಭೇದ ಮರೆತು ಒತ್ತಾಯಿಸಿ. ಇಸ್ರೊದ ಕೇಂದ್ರ ಕಚೇರಿ, ಗಗನಯಾತ್ರಿಗಳ ತರಬೇತಿ ಕೇಂದ್ರ ಎರಡೂ ನಮ್ಮ ರಾಜಧಾನಿಯಲ್ಲಿವೆ. ಈ ಮಾತು ಮೊದಲು ನಿಮ್ಮ ಬಾಯಿಂದ ಬರುವುದೇ ಸರಿ. ಆ ಕಾನೂನಿನಲ್ಲಿ ಮನುಷ್ಯಸಹಿತ ಯಾನಗಳಿಗೆಂದೇ ಒಂದು ಸುರಕ್ಷತಾ ಮಂಡಳಿ ಇರಲಿ. ಅದು ಬಾಹ್ಯಾಕಾಶ ಇಲಾಖೆಯ ಅಡಿಯಲ್ಲಿ ಇರಬಾರದು, ಸಂಸತ್ತಿಗೆ ಉತ್ತರಿಸಬೇಕು. ಸರ್ಕಾರದ ನೌಕೆಯಾಗಲಿ, ಕಂಪನಿಯ ನೌಕೆಯಾಗಲಿ, ಅದು ‘ಇವತ್ತು ಬೇಡ’ ಎಂದರೆ ಹಾರಬಾರದು. ಬೋಟು ಕಟ್ಟಿದವರ ಮಾತಿನ ಜೊತೆಗೆ, ಅದರಲ್ಲಿ ಲಾಭವಿಲ್ಲದವರ ಮಾತೂ ತೂಕಕ್ಕೆ ಬರಬೇಕು.

ವಿಜ್ಞಾನ ಮತ್ತು ತಂತ್ರಜ್ಞಾನದ ಸಂಸದೀಯ ಸ್ಥಾಯಿ ಸಮಿತಿ ಬಾಹ್ಯಾಕಾಶ ಇಲಾಖೆಯ ಅನುದಾನವನ್ನು ವರ್ಷವೂ ಪರಿಶೀಲಿಸುತ್ತದೆ. ಅಲ್ಲಿ ಕೂರುವವರು “ಯಾವಾಗ ಹಾರಿಸುತ್ತೀರಿ?” ಎಂದು ಕೇಳುವುದನ್ನು ದಯವಿಟ್ಟು ಬಿಡಿ. ಯಾವ ಪರೀಕ್ಷೆ ಮುಗಿಯಿತು, ಯಾವುದು ಉಳಿದಿದೆ, ಯಾವುದರಲ್ಲಿ ಸೋತಿರಿ, ಏನು ತಿದ್ದಿದಿರಿ ಎಂದು ಕೇಳಿ. ಉತ್ತರವನ್ನು ಆರು ತಿಂಗಳಿಗೊಮ್ಮೆ ಸದನದ ಮುಂದೆ ಇಡಿಸಿ. ವೈಫಲ್ಯದ ವರದಿಗಳಲ್ಲಿ ದೇಶದ ರಕ್ಷಣೆಗೆ ಸಂಬಂಧಿಸಿದ್ದು ಇದ್ದರೆ ತೆಗೆದು, ಉಳಿದದ್ದನ್ನು ಜನರಿಗೆ ಕೊಡಿಸಿ. ಕೆಂಪುಕೋಟೆಯ ಭಾಷಣಕ್ಕೋ ಚುನಾವಣೆಯ ಕಾಲಕ್ಕೋ ಉಡಾವಣೆಯ ದಿನ ಗಂಟು ಹಾಕಲು ಯಾರೇ ಹೊರಟರೂ, ನಿಮ್ಮದೇ ಪಕ್ಷದವರಾದರೂ, ಎದ್ದು ನಿಂತು ಬೇಡವೆನ್ನಿ.

ನಮ್ಮ ಫೆರಿಯಲ್ಲಿ ಒಬ್ಬರು ಹಿರಿಯರಿದ್ದರು. ಜೂನ್ ತಿಂಗಳ ಗಾಳಿಯಲ್ಲಿ ಬೋಟು ತುಂಬಿತೆಂದರೆ ಹಗ್ಗ ಬಿಚ್ಚುತ್ತಿರಲಿಲ್ಲ. ಒಮ್ಮೆ ಪರೀಕ್ಷೆಯ ದಿನ ನಾನು, “ನನಗೆ ತಡವಾಗುತ್ತದೆ, ಇವರನ್ನೂ ಹತ್ತಿಸಿಕೊಂಡು ಹೊರಡಿ” ಎಂದು ಬೇಡಿಕೊಂಡೆ. “ಟೀಚರೇ, ನೀವು ಬೈದರೂ ಅಡ್ಡಿಯಿಲ್ಲ, ನಾಲ್ಕು ಜನ ಇಳಿಯಲಿ” ಎಂದರು. ಇಳಿದ ನಾಲ್ವರಲ್ಲಿ ನಾನೂ ಒಬ್ಬಳು. ಆ ದಿನ ಕೋಪ ಬಂದಿತ್ತು. ಇವತ್ತು ಅವರಿಲ್ಲ. ಮಳೆ ಹಿಡಿದು ಹೊಳೆ ಕೆಂಪಾದಾಗಲೆಲ್ಲ ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ. ಈ ನಾಲ್ವರ ಹೆಸರು 2024ರ ಫೆಬ್ರವರಿ 27ರಂದು ದೇಶಕ್ಕೆ ಗೊತ್ತಾಯಿತು. ಗಗನಯಾನ ಹೊರಡುವ ಬೆಳಿಗ್ಗೆ ಇವರಲ್ಲಿ ಯಾರೇ ಅದರಲ್ಲಿ ಕುಳಿತಿದ್ದರೂ, ಅದನ್ನು ತಡೆಯುವ ಪೂರ್ಣ ಅಧಿಕಾರವಿದ್ದ ಹೊರಗಿನವರೊಬ್ಬರು ನೋಡಿ ‘ಹೋಗಬಹುದು’ ಎಂದ ಮೇಲೆಯೇ ಕುಳಿತಿರಬೇಕು. ಅಂಥ ಮಂಡಳಿಯನ್ನು ಆ ಬೆಳಿಗ್ಗೆಗೆ ಮೊದಲು ರಚಿಸಿ ಎಂದು ನಿಮ್ಮೆಲ್ಲರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಬೆಂಗ್ರೆ, ಮಂಗಳೂರು